ಒಂದು ರೂಪಾಯಿ ನೋಟಿನ ಹಿಂಬದಿಯ ಕಡಲು

ಮುಯ್ಯಿ ಲಕೋಟೆಗೆ ನೂರರ ಜೊತೆ ಒಂದು ರೂಪಾಯಿ ಸೇರಿಸುವ ಪದ್ಧತಿ ನಮ್ಮಲ್ಲಿ ಇನ್ನೂ ಉಳಿದಿದೆ. ಈಗ ಅಂಗಡಿಯವರು ಲಕೋಟೆಯ ಮೇಲೇ ನಾಣ್ಯ ಅಂಟಿಸಿ ಮಾರುತ್ತಾರೆ. ಮೊದಲು ಮನೆಯ ಹಿರಿಯರು ಗರಿಗರಿಯಾದ ಒಂದು ರೂಪಾಯಿ ನೋಟುಗಳನ್ನು ಇದಕ್ಕೆಂದೇ ಬೀರುವಿನಲ್ಲಿ ಎತ್ತಿಡುತ್ತಿದ್ದರು. 1980ರ ದಶಕದ ಅಂಥದೊಂದು ನೋಟು ನಿಮ್ಮ ಮನೆಯಲ್ಲಿದ್ದರೆ ತೆಗೆದು ಹಿಂಬದಿ ನೋಡಿ. ಕಡಲಿನ ಮೇಲೆ ನಿಂತ ಕಬ್ಬಿಣದ ಅಟ್ಟಣೆಯೊಂದರ ಚಿತ್ರ ಕಾಣುತ್ತದೆ. ಅದರ ಹೆಸರು ‘ಸಾಗರ್ ಸಾಮ್ರಾಟ್’. ನಿಂತುಹೋಗಿದ್ದ ಒಂದು ರೂಪಾಯಿ ನೋಟಿನ ಮುದ್ರಣ 2015ರಲ್ಲಿ ಮತ್ತೆ ಶುರುವಾದಾಗಲೂ ಈ ಚಿತ್ರವನ್ನು ಉಳಿಸಿಕೊಂಡರು.

ಸಾಗರ್ ಸಾಮ್ರಾಟ್ ಎಣ್ಣೆಬಾವಿ ಕೊರೆಯಲೆಂದು ಕಟ್ಟಿಸಿದ ಯಂತ್ರ. 1974ರಲ್ಲಿ ಮುಂಬೈಯಿಂದ ಸುಮಾರು 160 ಕಿಲೋಮೀಟರ್ ದೂರದ ಕಡಲಿನಲ್ಲಿ ಅದು ಕೊರೆದ ಬಾವಿಯಲ್ಲಿ ಎಣ್ಣೆ ಸಿಕ್ಕಿತು. ಅಲ್ಲಿ ನೆಲವಿಲ್ಲ, ಗುಡ್ಡವಿಲ್ಲ, ನೀರಿನ ಮೇಲೆ ಎಣ್ಣೆಯ ಜಿಡ್ಡಿಲ್ಲ. ಇಷ್ಟು ದೊಡ್ಡ ಕಡಲಿನಲ್ಲಿ ಅದೇ ಜಾಗಕ್ಕೆ ಹೋಗಿ ನಿಲ್ಲಬೇಕೆಂದು ಅವರಿಗೆ ಹೇಗೆ ಗೊತ್ತಾಯಿತು? ಈ ಒಂದು ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಹೊರಟರೆ ಪೆಟ್ರೋಲಿಯಂ ಭೂವಿಜ್ಞಾನದ ಮುಖ್ಯ ಪಾಠಗಳೆಲ್ಲ ದಾರಿಯಲ್ಲೇ ಸಿಗುತ್ತವೆ. ಜೊತೆಗೆ, ‘ಭಾರತದಲ್ಲಿ ಹೇಳಿಕೊಳ್ಳುವಂಥ ಎಣ್ಣೆ ಇಲ್ಲ’ ಎಂಬ ಮಾತನ್ನು ಒಂದು ಬಡದೇಶ ಹೇಗೆ ಎದುರಿಸಿತು ಎನ್ನುವ ಕಥೆಯೂ ಸಿಗುತ್ತದೆ. ಭೂವಿಜ್ಞಾನ ಓದಿರಬೇಕಾದ ಅಗತ್ಯವಿಲ್ಲ. ಅಡುಗೆಮನೆಯ ಅನುಭವ ಸಾಕು.

ನೆಲದೊಳಗೆ ಎಣ್ಣೆಯ ಕೆರೆ ಇಲ್ಲ

ಭೂಮಿಯೊಳಗೆ ಎಣ್ಣೆಯ ಕೆರೆಯೋ ಹೊಳೆಯೋ ಇರುತ್ತದೆ, ಕೊಳವೆ ಇಳಿಸಿ ಹೀರಿಕೊಂಡರಾಯಿತು ಎಂದು ನಮ್ಮಲ್ಲಿ ಬಹಳ ಮಂದಿ ಅಂದುಕೊಂಡಿರುತ್ತೇವೆ. ಹಾಗಿಲ್ಲ. ಎಣ್ಣೆ ಇರುವುದು ಕಲ್ಲಿನ ಒಳಗೆ. ಮನೆ ಕಟ್ಟುವಾಗ ಇಟ್ಟಿಗೆಯನ್ನು ನೀರಿನಲ್ಲಿ ನೆನೆಹಾಕುವುದನ್ನು ನೋಡಿರುತ್ತೀರಿ. ಒಣ ಇಟ್ಟಿಗೆ ಗುಳುಗುಳು ಗುಳ್ಳೆ ಬಿಡುತ್ತ ನೀರು ಕುಡಿಯುತ್ತದೆ. ಗಟ್ಟಿಯಾಗಿ ಕಂಡರೂ ಅದರೊಳಗೆ ಕಣ್ಣಿಗೆ ಕಾಣದ ಸಂದುಗಳಿವೆ. ಮರಳುಗಲ್ಲು, ಸುಣ್ಣಕಲ್ಲುಗಳಲ್ಲೂ ಹಾಗೆಯೇ. ಒಳ್ಳೆಯ ಎಣ್ಣೆಗಲ್ಲಿನ ಗಾತ್ರದಲ್ಲಿ ನೂರಕ್ಕೆ ಹತ್ತರಿಂದ ಇಪ್ಪತ್ತೈದು ಪಾಲು ಇಂಥ ಸಂದುಗಳೇ ಇರುತ್ತವೆ. ಎಣ್ಣೆ ತುಂಬಿಕೊಂಡಿರುವುದು ಅಲ್ಲಿ. ಸಂದುಗಳಿದ್ದರೆ ಮಾತ್ರ ಸಾಲದು. ಒಂದು ಸಂದಿನಿಂದ ಇನ್ನೊಂದಕ್ಕೆ ದಾರಿಯೂ ಇರಬೇಕು. ಇಲ್ಲದಿದ್ದರೆ ಎಣ್ಣೆ ಇದ್ದಲ್ಲೇ ಕೂತಿರುತ್ತದೆ, ಬಾವಿಗೆ ಬರುವುದಿಲ್ಲ. ದಾರಿ ಇದ್ದರೂ ಎಲ್ಲವೂ ಬರುವುದಿಲ್ಲ. ಸಾಮಾನ್ಯವಾಗಿ ಮೂರರಲ್ಲಿ ಒಂದು ಪಾಲಿನಷ್ಟೇ ಮೇಲೆ ಬರುತ್ತದೆ, ಉಳಿದದ್ದು ಕಲ್ಲನ್ನು ಅಪ್ಪಿಕೊಂಡು ಅಲ್ಲೇ ಉಳಿಯುತ್ತದೆ.

ಎಣ್ಣೆ ಹುಟ್ಟುವುದು ಬೇರೊಂದು ಕಲ್ಲಿನಲ್ಲಿ. ಕಡಲಿನಲ್ಲಿ, ದೊಡ್ಡ ಸರೋವರಗಳಲ್ಲಿ ತೇಲುವ ಪಾಚಿ ಮತ್ತು ಸೂಕ್ಷ್ಮಜೀವಿಗಳು ಸತ್ತು ತಳಕ್ಕೆ ಇಳಿಯುತ್ತವೆ. ಹೆಚ್ಚಿನ ಪಾಲು ಅಲ್ಲಿಯೇ ಕೊಳೆತು ಮಾಯವಾಗುತ್ತದೆ. ತಳದ ನೀರಿನಲ್ಲಿ ಆಮ್ಲಜನಕ ಇಲ್ಲದಿದ್ದರೆ ಮಾತ್ರ ಅವು ಪೂರ್ತಿ ಕೊಳೆಯದೆ ನುಣ್ಣನೆಯ ಕೆಸರಿನೊಂದಿಗೆ ಹೂತುಹೋಗುತ್ತವೆ. ಕೆಸರಿನ ಮೇಲೆ ಕೆಸರು ಬಿದ್ದು, ಒತ್ತಡಕ್ಕೆ ಅದು ಕಪ್ಪು ಜೇಡಿಶಿಲೆಯಾಗುತ್ತದೆ. ಇದನ್ನು ಮೂಲಶಿಲೆ ಎನ್ನೋಣ. ಪೆಟ್ರೋಲ್ ಎಂದರೆ ಡೈನೋಸಾರ್‌ಗಳ ರಸ ಎಂಬ ಮಾತು ಮಕ್ಕಳಿಗೆ ಖುಷಿ ಕೊಡಬಹುದು, ಆದರೆ ಅದು ನಿಜವಲ್ಲ. ಆಲ್‌ಫ್ರೆಡ್ ಟ್ರೈಬ್ಸ್ ಎಂಬ ಜರ್ಮನ್ ರಸಾಯನ ವಿಜ್ಞಾನಿ 1930ರ ದಶಕದಲ್ಲಿ ಕಚ್ಚಾ ಎಣ್ಣೆಯೊಳಗೆ ಎಲೆಯ ಹಸಿರಿನಿಂದ, ಅಂದರೆ ಕ್ಲೋರೋಫಿಲ್‌ನಿಂದ ಬಂದ ಅಣುಗಳನ್ನು ಗುರುತಿಸಿದರು. ಎಣ್ಣೆಯ ಹುಟ್ಟು ಬಿಸಿಲುಂಡ ಜೀವಿಗಳಲ್ಲಿದೆ ಎಂಬುದಕ್ಕೆ ಅದು ಬಲವಾದ ಸಾಕ್ಷಿಯಾಯಿತು.

ಇನ್ನು ಉರಿ. ನೆಲದೊಳಗೆ ಒಂದೊಂದು ಕಿಲೋಮೀಟರ್ ಇಳಿದಂತೆ ಸುಮಾರು 25ರಿಂದ 30 ಡಿಗ್ರಿ ಬಿಸಿ ಏರುತ್ತದೆ. ಮೂಲಶಿಲೆ 60 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಅದರೊಳಗಿನ ಜೀವಾಂಶ ನಿಧಾನವಾಗಿ ಎಣ್ಣೆಯಾಗತೊಡಗುತ್ತದೆ. 120ರಿಂದ 150 ಡಿಗ್ರಿ ದಾಟಿದರೆ ಎಣ್ಣೆಯೇ ಒಡೆದು ಅನಿಲವಾಗುತ್ತದೆ. ಬೆಲ್ಲದ ಪಾಕ ಹಿಡಿದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಉರಿ ಕಡಿಮೆಯಾದರೆ ಪಾಕ ಬರುವುದಿಲ್ಲ, ಮೀರಿದರೆ ಕೈಗೆ ಸಿಗುವುದಿಲ್ಲ. ವ್ಯತ್ಯಾಸ ಇಷ್ಟೆ: ಈ ಪಾಕಕ್ಕೆ ಲಕ್ಷ, ಕೋಟಿ ವರ್ಷಗಳು ಬೇಕು, ಒಲೆ ಸುಮಾರು ಎರಡರಿಂದ ನಾಲ್ಕು ಕಿಲೋಮೀಟರ್ ಆಳದಲ್ಲಿದೆ.

ಹುಟ್ಟಿದ ಎಣ್ಣೆ ಅಲ್ಲಿಯೇ ನಿಲ್ಲುವುದಿಲ್ಲ. ಆಳದ ಕಲ್ಲುಗಳ ಸಂದುಗಳಲ್ಲೆಲ್ಲ ಉಪ್ಪುನೀರು ತುಂಬಿರುತ್ತದೆ. ಎಣ್ಣೆ ನೀರಿಗಿಂತ ಹಗುರ. ಸಾರಿನ ಮೇಲೆ ಒಗ್ಗರಣೆಯ ಎಣ್ಣೆ ತೇಲುವಂತೆ ಇದೂ ಸಂದಿನಿಂದ ಸಂದಿಗೆ ಮೇಲೇರುತ್ತ ಹೋಗುತ್ತದೆ. ತಡೆಯುವವರು ಯಾರೂ ಇಲ್ಲದಿದ್ದರೆ ನೆಲದ ಮೇಲಕ್ಕೇ ಬಂದು ಆರಿಹೋಗುತ್ತದೆ. ಭೂಮಿಯ ಇತಿಹಾಸದಲ್ಲಿ ಹುಟ್ಟಿದ ಎಣ್ಣೆಯ ದೊಡ್ಡ ಪಾಲು ಹೀಗೆಯೇ ಕಳೆದುಹೋಗಿದೆ. ಉಳಿಯಬೇಕಾದರೆ ಮೇಲೊಂದು ಮುಚ್ಚಳ ಬೇಕು, ಅಂದರೆ ಎಣ್ಣೆ ನುಸುಳಲಾಗದಂಥ ಬಿಗಿಯಾದ ಜೇಡಿಶಿಲೆ ಅಥವಾ ಉಪ್ಪಿನ ಪದರ. ಆ ಮುಚ್ಚಳ ಬೋರಲು ಹಾಕಿದ ಬಟ್ಟಲಿನ ಆಕಾರದಲ್ಲಿರಬೇಕು. ಇಲ್ಲವೇ ಪದರ ಮುರಿದು ಜರುಗಿದ ಕಡೆ ಬಿಗಿಯಾದ ಕಲ್ಲೊಂದು ಗೋಡೆಯಂತೆ ಅಡ್ಡ ನಿಂತಿರಬೇಕು. ಚಪ್ಪಟೆ ಮುಚ್ಚಳವಾದರೆ ಎಣ್ಣೆ ಅದರ ಅಡಿಯಲ್ಲೇ ಹರಡಿ ಅಂಚಿನಿಂದ ಜಾರಿಕೊಳ್ಳುತ್ತದೆ. ಹೀಗೆ ಎಣ್ಣೆ ಸಿಕ್ಕಿಕೊಳ್ಳುವ ಜಾಗಕ್ಕೆ ಭೂವಿಜ್ಞಾನಿಗಳು ‘ಬಲೆ’ ಎನ್ನುತ್ತಾರೆ.

ಮೂಲಶಿಲೆ, ಹದವಾದ ಉರಿ, ಸಂದುಳ್ಳ ಕಲ್ಲು, ಮುಚ್ಚಳ, ಬಲೆ. ಐದೂ ಬೇಕು. ಐದಿದ್ದರೂ ಸಾಲದು, ಸರದಿಯೂ ಸರಿಯಾಗಿರಬೇಕು. ಎಣ್ಣೆ ಹಾದುಹೋದ ಮೇಲೆ ಬಲೆ ಕಟ್ಟಿಕೊಂಡರೆ ಅದರಲ್ಲಿ ಸಿಗುವುದು ಉಪ್ಪುನೀರು ಮಾತ್ರ. ಎಣ್ಣೆ ಹುಡುಕುವ ಕೆಲಸ ಯಾಕೆ ಇಷ್ಟು ದುಬಾರಿ, ಯಾಕೆ ಇಷ್ಟು ಬಾವಿಗಳು ಬರಿದಾಗುತ್ತವೆ ಎಂಬುದಕ್ಕೆ ಕಾರಣ ಇದೇ.

ಸೋರಿದ್ದನ್ನು ಹಿಂಬಾಲಿಸಿದ ಕಾಲ

ಮೊದಮೊದಲು ಎಣ್ಣೆ ಹುಡುಕಿದವರಿಗೆ ಇದೊಂದೂ ಗೊತ್ತಿರಲಿಲ್ಲ. ನೆಲದ ಮೇಲೆ ಎಣ್ಣೆ ಒಸರುವ ಜಾಗ ಕಂಡರೆ ಅಲ್ಲಿ ಕೊರೆಯುತ್ತಿದ್ದರು. ಅಮೆರಿಕದ ಪೆನ್ಸಿಲ್ವೇನಿಯಾದ ಟೈಟಸ್‌ವಿಲ್‌ನಲ್ಲಿ 1859ರ ಆಗಸ್ಟ್‌ನಲ್ಲಿ ಎಡ್ವಿನ್ ಡ್ರೇಕ್ ಕೊರೆಸಿದ ಬಾವಿ ಎಪ್ಪತ್ತು ಅಡಿಯನ್ನೂ ಮುಟ್ಟಿರಲಿಲ್ಲ. ಅದಾದ ಎಂಟೇ ವರ್ಷಕ್ಕೆ, 1867ರಲ್ಲಿ, ನಮ್ಮ ಅಸ್ಸಾಮಿನ ಮಾಕುಮ್ ಬಳಿ 118 ಅಡಿ ಆಳದಲ್ಲಿ ಎಣ್ಣೆ ಸಿಕ್ಕಿತು. ಅದು ವ್ಯಾಪಾರದ ಮಟ್ಟಕ್ಕೆ ಬೆಳೆಯಲಿಲ್ಲ. ಮೇಲಿನ ಅಸ್ಸಾಮಿನಲ್ಲಿ ರೈಲು ಹಾಕುತ್ತಿದ್ದ ಅಸ್ಸಾಂ ರೈಲ್ವೇಸ್ ಅಂಡ್ ಟ್ರೇಡಿಂಗ್ ಕಂಪನಿ 1889ರಲ್ಲಿ ದಿಗ್ಬೋಯಿಯಲ್ಲಿ ಬಾವಿ ಕೊರೆಯಲು ಶುರುಮಾಡಿತು. ಮರುವರ್ಷ 662 ಅಡಿಗೆ ಆ ಬಾವಿ ಮುಗಿಯಿತು. 1901ರಲ್ಲಿ ಅಲ್ಲಿ ಶುದ್ಧೀಕರಣ ಘಟಕ ಶುರುವಾಯಿತು. ದಿಮ್ಮಿ ಎಳೆಯುತ್ತಿದ್ದ ಆನೆಯ ಕಾಲಿಗೆ ಎಣ್ಣೆ ಮೆತ್ತಿದ್ದನ್ನು ನೋಡಿ ಅಲ್ಲಿ ಕೊರೆದರೆಂದೂ, ‘ಡಿಗ್, ಬಾಯ್’ ಎಂದು ಸಾಹೇಬ ಕೂಗಿದ್ದೇ ಊರಿನ ಹೆಸರಾಯಿತೆಂದೂ ಕಥೆಯುಂಟು. ಕಥೆ ಎಷ್ಟು ನಿಜವೋ, ಅದರೊಳಗಿನ ವಿಧಾನವಂತೂ ನಿಜ: ಸೋರಿದ್ದು ಎಲ್ಲಿ ಕಂಡಿತೋ ಅಲ್ಲಿ ಕೊರೆ.

ಈ ವಿಧಾನದಲ್ಲಿ ಒಂದು ಮೂಲಭೂತ ತೊಡಕಿದೆ. ಎಣ್ಣೆ ಮೇಲೆ ಒಸರುತ್ತಿದೆ ಎಂದರೆ ಕೆಳಗೆ ಎಣ್ಣೆ ಹುಟ್ಟಿದೆ ಎಂಬುದು ಖಚಿತ. ಆದರೆ ಮುಚ್ಚಳ ಸೋರುತ್ತಿದೆ ಎಂಬುದೂ ಅಷ್ಟೇ ಖಚಿತ. ಚೆನ್ನಾಗಿ ಮುಚ್ಚಿದ ಪಾತ್ರೆಯ ವಾಸನೆ ಹೊರಗೆ ಬರುವುದಿಲ್ಲ. ಹಾಗಾದರೆ ಅದನ್ನು ಹುಡುಕುವುದು ಹೇಗೆ?

1885ರಲ್ಲಿ ಐ. ಸಿ. ವೈಟ್ ಎಂಬ ಅಮೆರಿಕದ ಭೂವಿಜ್ಞಾನಿ ಇದಕ್ಕೊಂದು ದಾರಿ ತೋರಿಸಿದರು. ಕಂಬಳಿಯನ್ನು ಎರಡೂ ಕಡೆಯಿಂದ ದೂಡಿದರೆ ನಡುವೆ ಮಡಿಕೆ ಏಳುತ್ತದೆ. ಕಲ್ಲಿನ ಪದರಗಳೂ ಭೂಮಿಯ ಒತ್ತಡಕ್ಕೆ ಹಾಗೆಯೇ ಮಡಿಕೆ ಬೀಳುತ್ತವೆ. ಮೇಲಕ್ಕೆ ಉಬ್ಬಿದ ಮಡಿಕೆಯ ನೆತ್ತಿಯಲ್ಲಿ ಅನಿಲ, ಎಣ್ಣೆ ಸೇರುತ್ತವೆ, ಅಲ್ಲಿ ಕೊರೆಯಿರಿ ಎಂಬುದು ಅವರ ವಾದ. ಎಣ್ಣೆಯನ್ನೇ ಹುಡುಕುವ ಬದಲು ಎಣ್ಣೆ ನಿಲ್ಲಬಹುದಾದ ಆಕಾರವನ್ನು ಹುಡುಕು ಎಂಬುದು ಇದರ ಸಾರ. ಈ ಉಪಾಯ ಎಲ್ಲ ಕಡೆ ಫಲ ಕೊಡಲಿಲ್ಲ. ಉಬ್ಬು ಇದ್ದರೂ ಮೂಲಶಿಲೆಯೋ ಮುಚ್ಚಳವೋ ಇಲ್ಲದ ಕಡೆ ನೀರೇ ಬಂತು. ಆದರೂ ಎಣ್ಣೆಯ ಹುಡುಕಾಟ ಅದೃಷ್ಟದಿಂದ ವಿಜ್ಞಾನದ ಕಡೆ ಹೊರಳಿದ್ದು ಅಲ್ಲಿಂದ.

‘ಇಲ್ಲ’ ಎಂಬ ಉತ್ತರ

1947ಕ್ಕೆ ಬರೋಣ. ಬರ್ಮಾ 1937ರಲ್ಲೇ ಬೇರೆಯಾಗಿತ್ತು, ಅದರ ಜೊತೆ ಯೆನಾಂಗ್ಯಾಂಗ್‌ನ ಎಣ್ಣೆಯೂ ಹೋಗಿತ್ತು. ದೇಶ ವಿಭಜನೆಯಾದಾಗ ಅಟ್ಟಕ್ ಕಡೆಯ ಎಣ್ಣೆಬಾವಿಗಳು ಪಾಕಿಸ್ತಾನಕ್ಕೆ ಸೇರಿದವು. ನಮ್ಮ ಪಾಲಿಗೆ ಉಳಿದದ್ದು ಮುಪ್ಪಾಗುತ್ತಿದ್ದ ದಿಗ್ಬೋಯಿ. 1953ರಲ್ಲಿ ಅಸ್ಸಾಮಿನ ನಹರ್‌ಕಟಿಯಾದಲ್ಲಿ, ನೆಲದ ಮೇಲೆ ಯಾವ ಗುರುತೂ ಇಲ್ಲದ ಬಯಲಿನ ಅಡಿಯಲ್ಲಿ, ಭೂಭೌತ ಸಮೀಕ್ಷೆಯ ಆಧಾರದಿಂದ ಎಣ್ಣೆ ಸಿಕ್ಕಿತು. ಅದೂ ಅಸ್ಸಾಮಿನಲ್ಲೇ. ಅಸ್ಸಾಂ ಬಿಟ್ಟರೆ ಭಾರತದಲ್ಲಿ ಹೇಳಿಕೊಳ್ಳುವಂಥ ಎಣ್ಣೆ ಇಲ್ಲ ಎಂಬ ಅಭಿಪ್ರಾಯ ಪಾಶ್ಚಾತ್ಯ ಕಂಪನಿಗಳ ವಲಯದಲ್ಲಿ ಬಲವಾಗಿತ್ತು. 1950ರ ದಶಕದಲ್ಲಿ ಟ್ರಾಂಬೆಯಲ್ಲಿ ಎರಡು, ವಿಶಾಖಪಟ್ಟಣದಲ್ಲಿ ಒಂದು ಶುದ್ಧೀಕರಣ ಘಟಕ ಕಟ್ಟಿದ್ದು ವಿದೇಶಿ ಕಂಪನಿಗಳೇ. ಅವುಗಳ ಕಚ್ಚಾ ಎಣ್ಣೆ ಹಡಗಿನಲ್ಲಿ ಹೊರಗಿನಿಂದ ಬರುತ್ತಿತ್ತು.

‘ಇಲ್ಲ’ ಎನ್ನುವವರು ಸುಳ್ಳು ಹೇಳುತ್ತಿದ್ದರು ಎನ್ನಬೇಕಿಲ್ಲ. ಆಗ ಕೈಯಲ್ಲಿದ್ದ ಮಾಹಿತಿ ಕಡಿಮೆ. ಕೊರೆದು ನೋಡುವುದಕ್ಕೆ ಬೇಕಾದ ಹಣ ಬಹಳ. ಮಧ್ಯಪ್ರಾಚ್ಯದಲ್ಲಿ ಅಗ್ಗದ ಎಣ್ಣೆ ಧಾರಾಳವಾಗಿ ಇರುವವರಿಗೆ ಇಲ್ಲಿ ಹಣ ಹೂಡುವ ತುರ್ತು ಇರಲಿಲ್ಲ. ತುರ್ತು ಇದ್ದದ್ದು ವಿದೇಶಿ ವಿನಿಮಯ ಇಲ್ಲದೆ ಪಂಚವಾರ್ಷಿಕ ಯೋಜನೆ ಹಾಕುತ್ತಿದ್ದ ದೇಶಕ್ಕೆ. ‘ಹುಡುಕಿದೆವು, ಇಲ್ಲ’ ಎನ್ನುವುದು ಒಂದು. ‘ಹುಡುಕುವಷ್ಟು ಲಾಭ ನಮಗಿಲ್ಲ’ ಎನ್ನುವುದು ಇನ್ನೊಂದು. ಎರಡೂ ಕೇಳುವವರ ಕಿವಿಗೆ ‘ಇಲ್ಲ’ ಎಂದೇ ಬೀಳುತ್ತವೆ.

ಈ ಎರಡನ್ನೂ ಬೇರ್ಪಡಿಸಿ ನೋಡಿದವರಲ್ಲಿ ಆಗಿನ ಕೇಂದ್ರ ಸಚಿವ ಕೇಶವದೇವ ಮಾಲವೀಯ ಮುಖ್ಯರು. 1955ರಲ್ಲಿ ತೈಲ ಮತ್ತು ನೈಸರ್ಗಿಕ ಅನಿಲ ನಿರ್ದೇಶನಾಲಯ ಹುಟ್ಟಿತು. 1956ರ ಆಗಸ್ಟ್‌ನಲ್ಲಿ ಅದು ಆಯೋಗವಾಯಿತು. ನಾವು ಓಎನ್‌ಜಿಸಿ ಎಂದು ಕರೆಯುವುದು ಇದನ್ನೇ. ಎನ್. ಎ. ಕಲಿನಿನ್ ನೇತೃತ್ವದ ಸೋವಿಯತ್ ತಜ್ಞರ ತಂಡ ಬಂದು ನಮ್ಮ ಭೂವಿಜ್ಞಾನಿಗಳ ಜೊತೆ ದೇಶ ಸುತ್ತಿ ಎಲ್ಲೆಲ್ಲಿ ಹುಡುಕಬಹುದು ಎಂಬ ವರದಿ ಕೊಟ್ಟಿತು.

ಆಯೋಗ 1957ರಲ್ಲಿ ಮೊದಲು ಕೊರೆದದ್ದು ಹಿಮಾಚಲದ ಜ್ವಾಲಾಮುಖಿಯಲ್ಲಿ. ಅಲ್ಲಿನ ದೇವಸ್ಥಾನದಲ್ಲಿ ಕಲ್ಲಿನ ಬಿರುಕಿನಿಂದ ಬರುವ ಅನಿಲ ಉರಿಯುತ್ತಿರುತ್ತದೆ. ದಿಗ್ಬೋಯಿಯ ತರ್ಕವೇ ಇದು, ಗುರುತು ಇರುವಲ್ಲಿ ಕೊರೆ. ಅನಿಲದ ಸುಳಿವು ಸಿಕ್ಕಿತು, ಲಾಭಕ್ಕೆ ಬರುವಷ್ಟು ಸಿಗಲಿಲ್ಲ. ಯಾವ ಜ್ವಾಲೆಯೂ ಇಲ್ಲದ ಗುಜರಾತಿನ ಖಂಭಾತ್ ಹತ್ತಿರದ ಲುಣೇಜ್ ಎಂಬ ಹಳ್ಳಿಯಲ್ಲಿ 1958ರ ಸೆಪ್ಟೆಂಬರ್‌ನಲ್ಲಿ ಎಣ್ಣೆ ಬಂತು. 1960ರಲ್ಲಿ ಅಂಕಲೇಶ್ವರದಲ್ಲಿ ಅದಕ್ಕಿಂತ ದೊಡ್ಡ ನಿಕ್ಷೇಪ ಸಿಕ್ಕಿತು. ಅಲ್ಲಿನ ಮೊದಲ ಬಾವಿಗೆ ನೆಹರೂ ‘ವಸುಧಾರಾ’ ಎಂದು ಹೆಸರಿಟ್ಟರು.

ಅದೇ ವರ್ಷಗಳಲ್ಲಿ ಪಶ್ಚಿಮ ಬಂಗಾಳದಲ್ಲಿ ಸರ್ಕಾರ ಮತ್ತು ಅಮೆರಿಕದ ಸ್ಟ್ಯಾನ್‌ವ್ಯಾಕ್ ಕಂಪನಿ ಜೊತೆಯಾಗಿ ಕೊರೆದ ಬಾವಿಗಳಲ್ಲಿ ಲಾಭಕ್ಕೆ ಬರುವ ಎಣ್ಣೆ ಸಿಗಲಿಲ್ಲ. ಕಂಪನಿ ಕೈಬಿಟ್ಟು ಹೋಯಿತು. 2018ರಲ್ಲಿ ಅದೇ ಬಂಗಾಳದ ಅಶೋಕನಗರದಲ್ಲಿ, ಕೋಲ್ಕತ್ತಾದಿಂದ ತುಸು ದೂರದಲ್ಲಿ, ಓಎನ್‌ಜಿಸಿಗೆ ಎಣ್ಣೆ, ಅನಿಲ ಸಿಕ್ಕವು. ಬರಿದಾದ ಬಾವಿ ಹೇಳುವುದು ಆ ಬಾವಿಯ ಬಗ್ಗೆ. ಇಡೀ ಪ್ರದೇಶದ ಬಗ್ಗೆ ತೀರ್ಪು ಕೊಡುವಷ್ಟು ಅಧಿಕಾರ ಅದಕ್ಕಿಲ್ಲ.

ಸಹ್ಯಾದ್ರಿಯ ಕಲ್ಲು, ಖಂಭಾತಿನ ಕೆಸರು

ಗುಜರಾತಿನಲ್ಲಿ ಯಾಕೆ ಸಿಕ್ಕಿತು? ಮುಂಬೈ, ಪುಣೆಯಲ್ಲಿರುವ ಓದುಗರು ಲೋಣಾವಳದ ಘಾಟಿಯನ್ನು ನೆನಪಿಸಿಕೊಳ್ಳಿ. ಮೆಟ್ಟಿಲು ಮೆಟ್ಟಿಲಾಗಿ ಕಾಣುವ ಆ ಕರಿಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ. ಬೆಳಗಾವಿ, ವಿಜಯಪುರ, ಕಲಬುರಗಿಯ ಎರೆಮಣ್ಣು ಇದೇ ಕಲ್ಲು ಸವೆದು ಆದದ್ದು. ಬೆಂಕಿಯಿಂದ ಬಂದ ಈ ಕಲ್ಲಿನಲ್ಲಿ ಎಣ್ಣೆ ಹುಟ್ಟುವುದಿಲ್ಲ.

ಖಂಭಾತಿನಲ್ಲಿ ಮಾತ್ರ ಇದೇ ಲಾವಾ ಕಲ್ಲು ನೆಲದ ಮೇಲಿಲ್ಲ, ಕಿಲೋಮೀಟರ್‌ಗಟ್ಟಲೆ ಆಳದಲ್ಲಿದೆ. ಅಲ್ಲಿ ಭೂಮಿ ಸೀಳಿ, ಉದ್ದನೆಯ ಪಟ್ಟಿಯೊಂದು ಕುಸಿಯುತ್ತ ಹೋಯಿತು. ತಗ್ಗಿಗೆ ಕಡಲು ನುಗ್ಗಿತು. ಕಪ್ಪು ಕೆಸರು ತುಂಬಿ ‘ಕ್ಯಾಂಬೆ ಶೇಲ್’ ಎಂಬ ಮೂಲಶಿಲೆಯಾಯಿತು. ನದಿಗಳು ತಂದ ಮರಳು ಅದರ ಜೊತೆ ಪದರ ಕಟ್ಟಿತು. ಮೇಲೆ ಮತ್ತೆ ಜೇಡಿ. ತಳ ಕುಸಿದಂತೆಲ್ಲ ಕೆಸರು ಆಳಕ್ಕಿಳಿದು ಹದವಾಗಿ ಬಿಸಿಯಾಯಿತು. ನಾವು ಮೊದಲು ಎಣಿಸಿದ ಐದೂ ಅಲ್ಲಿ ಕೂಡಿಬಂದವು. ಎಣ್ಣೆ ಹುಡುಕುವವರು ಮೊದಲು ಕೇಳುವ ಪ್ರಶ್ನೆ ‘ಎಣ್ಣೆ ಎಲ್ಲಿದೆ’ ಎಂಬುದಲ್ಲ, ‘ಕೆಸರು ದಪ್ಪವಾಗಿ ಎಲ್ಲಿ ತುಂಬಿದೆ’ ಎಂಬುದು. ಹೀಗೆ ಕೆಸರು, ಮರಳು ತುಂಬಿದ ತಗ್ಗುಗಳನ್ನು ಜಲಾನಯನ ಎನ್ನುತ್ತಾರೆ. ಖಂಭಾತಿನ ಜಲಾನಯನ ದಕ್ಷಿಣಕ್ಕೆ ಕಡಲಿನ ಕಡೆ ಮುಂದುವರಿಯುತ್ತದೆ. ನೆಲದ ಮೇಲೆ ಸಿಕ್ಕಿದ್ದು ಕಡಲಿನ ಅಡಿಯಲ್ಲಿ ಯಾಕೆ ಸಿಗಬಾರದು?

ಹಲಸಿನಹಣ್ಣು ತಟ್ಟಿ ನೋಡಿದ ಹಾಗೆ

ಕಡಲಿನ ತಳದ ಕೆಳಗೆ ಇರುವ ಕಲ್ಲನ್ನು ನೋಡಲಾಗುವುದಿಲ್ಲ, ಕೇಳಬಹುದು. ಹಲಸಿನಹಣ್ಣು ಕೊಳ್ಳುವಾಗ ತಟ್ಟಿ ಸದ್ದು ಕೇಳುತ್ತೇವಲ್ಲ, ಅದೇ ವಿದ್ಯೆ. ಹಡಗಿನಿಂದ ಬಲವಾದ ಸದ್ದಿನ ಅಲೆಯೊಂದನ್ನು ಕೆಳಕ್ಕೆ ಕಳಿಸುತ್ತಾರೆ. ಒಂದು ಬಗೆಯ ಕಲ್ಲು ಮುಗಿದು ಇನ್ನೊಂದು ಬಗೆಯದು ಶುರುವಾಗುವ ಕಡೆ ಅಲೆಯ ಸ್ವಲ್ಪ ಪಾಲು ಹಿಂದಕ್ಕೆ ಚಿಮ್ಮುತ್ತದೆ. ಹಡಗು ಎಳೆದುಕೊಂಡು ಹೋಗುವ ಉದ್ದನೆಯ ಕೇಬಲ್‌ನಲ್ಲಿ ಸಾಲಾಗಿ ಇಟ್ಟ ಕಿವಿಗಳು ಮರುದನಿಯನ್ನು ದಾಖಲಿಸುತ್ತವೆ. ಇದಕ್ಕೆ ಸೈಸ್ಮಿಕ್ ಸಮೀಕ್ಷೆ ಎಂದು ಹೆಸರು.

ಲೆಕ್ಕ ಸುಲಭ. ಸದ್ದು ಕಳಿಸಿ ಎರಡು ಸೆಕೆಂಡಿಗೆ ಮರುದನಿ ಬಂತು ಎನ್ನಿ. ಹೋಗಲು ಒಂದು ಸೆಕೆಂಡು, ಬರಲು ಒಂದು. ದಾರಿಯಲ್ಲಿ ಸದ್ದಿನ ಸರಾಸರಿ ವೇಗ ಸೆಕೆಂಡಿಗೆ 2,500 ಮೀಟರ್ ಆದರೆ, ಆ ಪದರ 2,500 ಮೀಟರ್ ಆಳದಲ್ಲಿದೆ. ಹಡಗು ಮುಂದೆ ಸಾಗಿದಂತೆ ಸಾವಿರಾರು ಸಲ ಇದನ್ನೇ ಮಾಡಿ, ಸಿಕ್ಕ ಆಳಗಳನ್ನು ಪಕ್ಕಪಕ್ಕ ಇಟ್ಟರೆ ಕತ್ತರಿಸಿದ ಈರುಳ್ಳಿಯ ಹಾಗೆ ಪದರ ಪದರವಾದ ಚಿತ್ರ ಮೂಡುತ್ತದೆ. ತೊಡಕಿರುವುದು ವೇಗದ ಅಂದಾಜಿನಲ್ಲಿ. ನೀರಿನಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್, ಗಟ್ಟಿ ಸುಣ್ಣಕಲ್ಲಿನಲ್ಲಿ ಅದರ ಮೂರು ನಾಲ್ಕು ಪಟ್ಟು. ವೇಗವನ್ನು ತಪ್ಪಾಗಿ ಊಹಿಸಿದರೆ ಇಲ್ಲದ ಉಬ್ಬು ಚಿತ್ರದಲ್ಲಿ ಕಾಣಬಹುದು. ಇನ್ನೂ ಮುಖ್ಯವಾದ ಮಾತು: ಆ ಕಾಲದ ಚಿತ್ರ ತೋರಿಸುತ್ತಿದ್ದದ್ದು ಆಕಾರವನ್ನು ಮಾತ್ರ. ಬಟ್ಟಲು ಬೋರಲಾಗಿದೆ ಎಂದು ಹೇಳುತ್ತಿತ್ತು, ಬಟ್ಟಲಿನಲ್ಲಿ ಏನಿದೆ ಎಂದು ಹೇಳುತ್ತಿರಲಿಲ್ಲ.

1960ರ ದಶಕದಲ್ಲಿ ‘ಅಕಾಡೆಮಿಕ್ ಅರ್ಖಾಂಗೆಲ್ಸ್ಕಿ’ ಎಂಬ ಸೋವಿಯತ್ ಹಡಗು ಖಂಭಾತ್ ಕೊಲ್ಲಿಯಲ್ಲಿ, ಅದರಾಚೆಯ ಕಡಲಿನಲ್ಲಿ ಇಂಥ ಸಮೀಕ್ಷೆ ನಡೆಸಿತು. ಮುಂಬೈಯ ವಾಯವ್ಯಕ್ಕೆ, ಕಡಲತಳದ ಕೆಳಗೆ, ದೊಡ್ಡದೊಂದು ಉಬ್ಬು ಕಂಡಿತು. ಅದಕ್ಕೆ ‘ಬಾಂಬೆ ಹೈ’ ಎಂದು ಹೆಸರು ಬಂತು. ‘ಹೈ’ ಎಂದ ಕೂಡಲೇ ನೀರಿನೊಳಗೆ ಗುಡ್ಡವಿದೆ ಎಂದುಕೊಳ್ಳಬೇಡಿ. ಕಡಲತಳ ಅಲ್ಲಿ ಸಪಾಟು, ನೀರಿನ ಆಳ ಸುಮಾರು 75 ಮೀಟರ್. ಗುಡ್ಡ ಇರುವುದು ತಳದ ಕೆಸರಿನಡಿ, ಕಲ್ಲಿನ ಪದರಗಳಲ್ಲಿ.

ಸಾಗರ್ ಸಾಮ್ರಾಟ್

ಉಬ್ಬು ಕಂಡ ಮೇಲೂ ವರ್ಷಗಳು ಕಳೆದವು. ತೆರೆದ ಕಡಲಿನಲ್ಲಿ ಕೊರೆಯುವ ಯಂತ್ರ ನಮ್ಮಲ್ಲಿರಲಿಲ್ಲ, ಕೊಳ್ಳಲು ಹಣವೂ ಸುಲಭವಾಗಿ ಇರಲಿಲ್ಲ. 1970ರಲ್ಲಿ ಖಂಭಾತ್ ಕೊಲ್ಲಿಯ ಅಲಿಯಾಬೆಟ್‌ನಲ್ಲಿ, ಅಷ್ಟೇನೂ ಆಳವಿಲ್ಲದ ನೀರಿನಲ್ಲಿ ದೇಶದ ಮೊದಲ ಕಡಲಬಾವಿ ಕೊರೆದರು. ಅದು ಅಭ್ಯಾಸಕ್ಕಾಯಿತು. ಆಮೇಲೆ ಜಪಾನಿನಲ್ಲಿ ಸಾಗರ್ ಸಾಮ್ರಾಟ್ ಕಟ್ಟಿಸಿದರು. ಇದು ತೇಲಿಕೊಂಡು ಬಂದು, ಬೇಕಾದ ಜಾಗದಲ್ಲಿ ಕಾಲುಗಳನ್ನು ಕಡಲತಳಕ್ಕೆ ಇಳಿಸಿ, ತನ್ನ ಮೈಯನ್ನು ಅಲೆಗಳಿಂದ ಮೇಲಕ್ಕೆತ್ತಿ ನಿಲ್ಲುವ ಬಗೆಯದು. ನೋಟಿನ ಚಿತ್ರದಲ್ಲಿ ಇದು ಕಾಣುತ್ತದೆ.

ಕಾಲವನ್ನು ಗಮನಿಸಿ. 1973ರ ಅಕ್ಟೋಬರ್‌ನಲ್ಲಿ ಅರಬ್ ದೇಶಗಳು ಎಣ್ಣೆ ಸರಬರಾಜಿಗೆ ಕಡಿವಾಣ ಹಾಕಿದವು. ಬ್ಯಾರೆಲ್‌ಗೆ ಮೂರು ಡಾಲರ್ ಆಸುಪಾಸಿನಲ್ಲಿದ್ದ ಬೆಲೆ 1974ರ ಜನವರಿಯ ಹೊತ್ತಿಗೆ ಹನ್ನೆರಡಕ್ಕೆ ಹತ್ತಿರ ಬಂತು. ಸೀಮೆಎಣ್ಣೆ ಕ್ಯೂಗಳ ಕಾಲ ಅದು. ಅಂಥ ಹೊತ್ತಿನಲ್ಲಿ, 1974ರ ಫೆಬ್ರುವರಿಯಲ್ಲಿ, ಬಾಂಬೆ ಹೈಯ ಮೊದಲ ಬಾವಿಯಲ್ಲೇ ಎಣ್ಣೆ ಸಿಕ್ಕಿತು.

ಬಾವಿ ಕೊರೆದಾಗ ಎಣ್ಣೆ ಚಿಲುಮೆಯಂತೆ ಆಕಾಶಕ್ಕೆ ಹಾರುವುದು ಸಿನಿಮಾದಲ್ಲಿ. ನಿಜವಾದ ಕೆಲಸದಲ್ಲಿ ಹಾಗಾದರೆ ಅದು ಅಪಘಾತ. ಆಳದ ಒತ್ತಡವನ್ನು ಅದುಮಿಡಲು ಬಾವಿಯ ತುಂಬ ಭಾರವಾದ ಕೆಸರುನೀರು ತುಂಬಿರುತ್ತಾರೆ. ಹಾಗಾದರೆ ಎಣ್ಣೆ ಇದೆಯೆಂದು ತಿಳಿಯುವುದು ಹೇಗೆ? ಮೇಲೆ ಬಂದ ಕಲ್ಲಿನ ಪುಡಿಯನ್ನು ಪರೀಕ್ಷಿಸುತ್ತಾರೆ. ಆಮೇಲೆ ಬಾವಿಗೆ ಉಪಕರಣ ಇಳಿಸಿ ಸುತ್ತಲಿನ ಕಲ್ಲಿನೊಳಗೆ ವಿದ್ಯುತ್ ಹರಿಸಿ ನೋಡುತ್ತಾರೆ. ಉಪ್ಪುನೀರಿನಲ್ಲಿ ವಿದ್ಯುತ್ ಸಲೀಸಾಗಿ ಹರಿಯುತ್ತದೆ, ಎಣ್ಣೆಯಲ್ಲಿ ಹರಿಯುವುದಿಲ್ಲ. ಸಂದುಗಳಿರುವ ಕಲ್ಲಿನಲ್ಲಿ ವಿದ್ಯುತ್ತಿಗೆ ತಡೆ ಬಿದ್ದರೆ ಆ ಸಂದುಗಳಲ್ಲಿ ಎಣ್ಣೆಯೋ ಅನಿಲವೋ ಇರಬಹುದು. ಫ್ರಾನ್ಸಿನ ಶ್ಲುಂಬರ್ಜೆ ಸಹೋದರರ ಈ ಉಪಾಯವನ್ನು ಮೊದಲು ಬಳಸಿದ್ದು 1927ರಲ್ಲಿ, ಆ ದೇಶದ ಪೆಶೆಲ್‌ಬ್ರಾನ್ ಎಂಬಲ್ಲಿ. ಇಂದಿಗೂ ಬಾವಿಗಳ ನಾಡಿ ನೋಡುವುದು ಇದೇ ತತ್ವದಿಂದ.

ಬಾಂಬೆ ಹೈಯ ಮುಖ್ಯ ಎಣ್ಣೆಗಲ್ಲು ಸುಮಾರು 1,300ರಿಂದ 1,400 ಮೀಟರ್ ಆಳದ ಸುಣ್ಣಕಲ್ಲು. ಎಣ್ಣೆ ಅಲ್ಲಿ ಹುಟ್ಟಿದ್ದಲ್ಲ. ಉಬ್ಬಿನ ಸುತ್ತಲಿನ ಆಳವಾದ ತಗ್ಗುಗಳಲ್ಲಿ ಹೂತ ಹಳೆಯ ಕೆಸರಿನಲ್ಲಿ ಬೆಂದು, ಪಕ್ಕಕ್ಕೂ ಮೇಲಕ್ಕೂ ಸಾಗಿ, ಉಬ್ಬಿನ ನೆತ್ತಿಗೆ ಬಂದು, ಜೇಡಿಶಿಲೆಯ ಮುಚ್ಚಳದಡಿ ಸಿಕ್ಕಿಕೊಂಡದ್ದು. 1976ರ ಮೇ ತಿಂಗಳಲ್ಲಿ ಉತ್ಪಾದನೆ ಶುರುವಾಯಿತು. 1980ರ ದಶಕದ ನಡುವೆ ದೇಶದ ಎಣ್ಣೆಯ ಅಗತ್ಯದಲ್ಲಿ ಮುಕ್ಕಾಲಿಗೆ ಹತ್ತಿರದಷ್ಟು ನಮ್ಮದೇ ಬಾವಿಗಳಿಂದ ಬರುವಂತಾಯಿತು. ಅದರಲ್ಲಿ ದೊಡ್ಡ ಪಾಲು ಈ ಒಂದು ಉಬ್ಬಿನದು. ನೋಟಿನ ಮೇಲೆ ಆ ಯಂತ್ರ ಕೂತದ್ದು ಅದಕ್ಕೆ.

ಆ ಅನುಪಾತ ಉಳಿಯಲಿಲ್ಲ. ಬಾಂಬೆ ಹೈ ಹಳೆಯದಾಯಿತು, ನಮ್ಮ ವಾಹನಗಳು ಹೆಚ್ಚಿದವು. ಈಗ ಕಚ್ಚಾ ಎಣ್ಣೆಯಲ್ಲಿ ನೂರಕ್ಕೆ ಎಂಬತ್ತೈದಕ್ಕೂ ಹೆಚ್ಚು ಪಾಲು ಹೊರಗಿನಿಂದ ಬರುತ್ತದೆ. 1974ರ ಗೆಲುವು ನಮ್ಮನ್ನು ಶಾಶ್ವತವಾಗಿ ಪಾರುಮಾಡಲಿಲ್ಲ. ಅತ್ಯಂತ ಕಷ್ಟದ ಕೆಲವು ವರ್ಷಗಳನ್ನು ದಾಟಿಸಿತು.

ಹಾಗಾದರೆ ನಮ್ಮೂರಲ್ಲಿ ಯಾಕಿಲ್ಲ?

ಕನ್ನಡಿಗರು ಕೇಳಿಯೇ ಕೇಳುವ ಪ್ರಶ್ನೆ. ಚಿನ್ನ ಇದೆ, ಕಬ್ಬಿಣ ಇದೆ, ಮ್ಯಾಂಗನೀಸ್ ಇದೆ. ಎಣ್ಣೆ ಯಾಕಿಲ್ಲ?

ನಮ್ಮ ರಾಜ್ಯದ ಬಹುಪಾಲು ನೆಲದಡಿ ಇರುವುದು ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಮತ್ತು ಗ್ರಾನೈಟ್ ಕಲ್ಲುಗಳು. ಅವು ಕರಗಿ, ಬೆಂದು, ಹಿಂಡಿಸಿಕೊಂಡು ಗಟ್ಟಿಯಾದವು. ಪಾಕದ ಹದ ಎಂದೋ ಮೀರಿತು. ಇಲ್ಲಿ ಜೀವಾಂಶವಿರುವ ಕೆಸರೂ ಇಲ್ಲ, ಇಟ್ಟಿಗೆಯಂಥ ಸಂದುಗಳೂ ಇಲ್ಲ. ಉತ್ತರದಲ್ಲಿ ಲಾವಾ ಕಲ್ಲು. ಅಲ್ಲಲ್ಲಿ ಪದರಶಿಲೆಗಳೂ ಇವೆ. ಬಾದಾಮಿಯ ಕೆಂಪು ಮರಳುಗಲ್ಲು, ನಮ್ಮ ಅಜ್ಜನ ಮನೆಯ ನೆಲಕ್ಕೆ ಹಾಸಿದ ಶಹಾಬಾದ್ ಕಲ್ಲು ಇಂಥವು. ಇವೆರಡೂ ಚಿಪ್ಪುಳ್ಳ ಪ್ರಾಣಿಗಳು ಹುಟ್ಟುವುದಕ್ಕೂ ಹಿಂದಿನವು. ಹಳೆಯದು ಎಂಬುದೊಂದೇ ಕಾರಣಕ್ಕೆ ಎಣ್ಣೆ ಇಲ್ಲ ಎನ್ನಲಾಗದು. ಓಮಾನ್‌ನಲ್ಲಿ ಹೆಚ್ಚುಕಡಿಮೆ ಅಷ್ಟೇ ಪುರಾತನವಾದ ಮೂಲಶಿಲೆಯಿಂದ ಎಣ್ಣೆ ಬಂದಿದೆ. ಆದರೆ ಐದೂ ಕೂಡಿಬಂದ ಗುರುತು ಇಲ್ಲಿ ಈವರೆಗೆ ಸಿಕ್ಕಿಲ್ಲ. ನಮ್ಮ ಕರಾವಳಿಯ ಎದುರಿನ ಕೊಂಕಣ–ಕೇರಳ ಜಲಾನಯನದಲ್ಲಿ ಬಾವಿ ಕೊರೆದು ನೋಡಿದ್ದಾರೆ, ಲಾಭಕ್ಕೆ ಬರುವ ಎಣ್ಣೆ ಇನ್ನೂ ಸಿಕ್ಕಿಲ್ಲ. ಕಾವೇರಿ, ಕೃಷ್ಣೆಯರು ಕಡಲು ಸೇರುವ ಪೂರ್ವ ಕರಾವಳಿಯಲ್ಲಿ, ಕೆಸರು ದಪ್ಪವಾಗಿ ತುಂಬಿದ ಕಡೆ, ಎಣ್ಣೆಯೂ ಅನಿಲವೂ ಸಿಕ್ಕಿವೆ.

ಎಣ್ಣೆ ಹುಟ್ಟಿಸದ ಇದೇ ಕಲ್ಲು ಎಣ್ಣೆಯನ್ನು ಕಾಯುವ ಕೆಲಸಕ್ಕೆ ಬಂದಿದೆ. ಯುದ್ಧವೋ ಬಿಕ್ಕಟ್ಟೋ ಬಂದು ಹಡಗುಗಳು ನಿಂತರೆ ಇರಲಿ ಎಂದು ದೇಶ ಕಚ್ಚಾ ಎಣ್ಣೆಯನ್ನು ನೆಲದಡಿ ಕೂಡಿಟ್ಟುಕೊಳ್ಳಲು ಮೂರು ಜಾಗ ಮಾಡಿದೆ: ವಿಶಾಖಪಟ್ಟಣ, ಮಂಗಳೂರು ಮತ್ತು ಉಡುಪಿ ಜಿಲ್ಲೆಯ ಪಾದೂರು. ಒಟ್ಟು ಸಾಮರ್ಥ್ಯ 53.3 ಲಕ್ಷ ಟನ್. ಅದರಲ್ಲಿ ಪಾದೂರಿನದು 25 ಲಕ್ಷ, ಮಂಗಳೂರಿನದು 15 ಲಕ್ಷ. ಗಟ್ಟಿ ಕಲ್ಲನ್ನು ಕೊರೆದು ಮಾಡಿದ ದೈತ್ಯ ಗುಹೆಗಳವು. ಗೋಡೆಗೆ ಉಕ್ಕಿನ ಹೊದಿಕೆಯೂ ಇಲ್ಲ. ಅಂತರ್ಜಲದ ಮಟ್ಟಕ್ಕಿಂತ ಕೆಳಗೆ ಇರುವುದರಿಂದ ಕಲ್ಲಿನ ಬಿರುಕುಗಳಲ್ಲಿ ತುಂಬಿದ ನೀರು ಸುತ್ತಲಿಂದ ಒತ್ತುತ್ತ ಎಣ್ಣೆ ಹೊರಗೆ ಸೋರದಂತೆ ತಡೆಯುತ್ತದೆ. ಪ್ರಕೃತಿ ಕೋಟಿ ವರ್ಷಗಳಲ್ಲಿ ಕಟ್ಟುವ ಬಲೆಯನ್ನು ನಾವು ಕೆಲವು ವರ್ಷಗಳಲ್ಲಿ ಕೈಯಿಂದ ಕಟ್ಟಿದ ಹಾಗಾಯಿತು. ಪೂರ್ತಿ ತುಂಬಿದರೂ ಮೂರೂ ಸೇರಿ ದೇಶಕ್ಕೆ ಸುಮಾರು ಒಂಬತ್ತೂವರೆ ದಿನಕ್ಕೆ ಸಾಕಾಗುತ್ತದೆ.

ಇನ್ನು ಮುಂದೆ ‘ಇಲ್ಲಿ ಭಾರಿ ಎಣ್ಣೆ ನಿಕ್ಷೇಪ ಪತ್ತೆ, ದೇಶದ ಹಣೆಬರಹವೇ ಬದಲು’ ಎಂಬ ಸುದ್ದಿ ವಾಟ್ಸಾಪಿನಲ್ಲಿ ಬಂದರೆ ಐದು ಪ್ರಶ್ನೆ ಕೇಳಿಕೊಳ್ಳಿ. ಮೂಲಶಿಲೆ ಇದೆಯೇ? ಅದು ಹದವಾಗಿ ಬೆಂದಿದೆಯೇ? ಸಂದುಳ್ಳ ಕಲ್ಲು, ಮುಚ್ಚಳ, ಬಲೆ ಇವೆಯೇ? ಐದಕ್ಕೂ ಹೌದು ಎಂದ ಮೇಲೂ ಕೇಳಬೇಕಾದದ್ದು ಇನ್ನೊಂದಿದೆ: ಬಾವಿ ಕೊರೆದಿದ್ದಾರೆಯೇ? ‘ನಮ್ಮಲ್ಲಿ ಇಲ್ಲವೇ ಇಲ್ಲ’ ಎಂದು ಯಾರಾದರೂ ಖಡಾಖಂಡಿತವಾಗಿ ಹೇಳಿದರೂ ಕೇಳಬೇಕಾದ ಪ್ರಶ್ನೆ ಅದೇ. 1950ರ ದಶಕದಲ್ಲಿ ಕೆಲವರು ಅದನ್ನು ಕೇಳಿದ್ದರಿಂದಲೇ ಮುಯ್ಯಿ ಲಕೋಟೆಯ ನೋಟಿನ ಮೇಲೆ ಆ ಚಿತ್ರ ಬಂತು.